ಮಣ್ಣಿನ ಬಟ್ಟಲಿನೊಳಗಣ ಬಯಲು

ಮಣ್ಣು ಸರ್ವರ ಕಾಲಡಿಯ ವಸ್ತು. ಅದಕ್ಕೆ ತನ್ನದೆಂಬ ಆಕಾರವಿಲ್ಲ. ನೀರು ಬೆರೆತರೆ ಕೆಸರು, ಬಿಸಿಲು ಬಿದ್ದರೆ ಹೆಂಟೆ, ಗಾಳಿ ಬೀಸಿದರೆ ಧೂಳು. ಅಂತಹ ಮಣ್ಣನ್ನು ಸೋಸಿ, ತುಳಿದು, ಹದಗೊಳಿಸಿ, ತಿಗರಿಯ ನಡುವಿಟ್ಟು ಕುಂಬಾರನು ಒಂದು ಗಡಿಗೆಯನ್ನು ಎತ್ತಿ ನಿಲ್ಲಿಸುತ್ತಾನೆ. ಅವನು ಮಾಡಿದ್ದು ಏನೆಂದು ಕೇಳಿದರೆ ಲೋಕವು ಗಡಿಗೆಯ ಮೈಯನ್ನು ತೋರಿಸುತ್ತದೆ. ಆದರೆ ಮನೆಯೊಡತಿಯು ನೀರು ತುಂಬುವುದು ಆ ಮೈಯಲ್ಲಿ ಅಲ್ಲ, ಆ ಮೈ ಬಳಸಿಕೊಂಡಿರುವ ಬರಿದಿನಲ್ಲಿ. ಘಟಾಕಾಶ, ಮಹಾಕಾಶ ಎಂಬ ದೃಷ್ಟಾಂತವನ್ನು ವೇದಾಂತಿಗಳು ಎತ್ತುವಾಗಲೆಲ್ಲ ಅವರ ಕಣ್ಣು ಆಕಾಶದ ಮೇಲೆಯೇ ನೆಟ್ಟಿರುತ್ತದೆ. ಘಟವನ್ನು ಮಾಡಿದವನ ಕೈ ಅವರ ಲಕ್ಷ್ಯಕ್ಕೆ ಬರುವುದು ಅಪೂರ್ವ. ಘಟ ಒಡೆದ ಮೇಲೆ ಆಕಾಶವು ಆಕಾಶದಲ್ಲಿ ಬೆರೆಯಿತೆಂದು ಹೇಳಿ ಮುಗಿಸುವುದು ಸುಲಭ. ಘಟ ಒಡೆಯುವ ಮೊದಲು, ಅದಿನ್ನೂ ಕೈಯಲ್ಲಿರುವಾಗಲೇ, ಆ ಬರಿದು ಮನುಷ್ಯನಿಗೆ ಏನನ್ನಾದರೂ ತಿಳಿಸಬಲ್ಲುದೇ ಎಂಬುದು ವಿಚಾರಕ್ಕೆ ತಕ್ಕ ಪ್ರಶ್ನೆ.

ಪ್ರಶ್ನೆ ಸಣ್ಣದಲ್ಲ. ಭಾವಕ್ಕೆ ಆಕಾರವಿಲ್ಲ, ಸಾನ್ನಿಧ್ಯಕ್ಕೆ ತೂಕವಿಲ್ಲ. ಶಿಲ್ಪಿಯಾದವನು ಶಿಲೆಯಲ್ಲಿ ಮುಖವನ್ನು ಕಡೆದು ಕಣ್ಣಿನಲ್ಲಿ ಕರುಣೆಯನ್ನು ನಿಲ್ಲಿಸಬಹುದು. ಚಿತ್ರಕಾರನು ಬಣ್ಣಗಳ ಬಲದಿಂದ ಇಳಿಹೊತ್ತಿನ ಬೇಸರವನ್ನು ಕಾಣಿಸಬಹುದು. ಹಾಡುವವನಿಗೆ ರಾಗವುಂಟು, ಕವಿಗೆ ಮಾತುಂಟು. ಕುಂಬಾರನ ಬಟ್ಟಲಿಗಾದರೋ ಮುಖವಿಲ್ಲ, ಕಥೆಯಿಲ್ಲ, ಮಾತಿಲ್ಲ. ಹಾಗಿದ್ದರೂ ಕೆಲವು ಮಣ್ಣಿನ ಪಾತ್ರೆಗಳನ್ನು ಕೈಗೆತ್ತಿಕೊಂಡೊಡನೆ ಮಾತು ತಾನಾಗಿ ತಗ್ಗುತ್ತದೆ, ಉಸಿರು ನಿಧಾನಗೊಳ್ಳುತ್ತದೆ, ಎದುರಿಗೆ ಯಾರೋ ಹಿರಿಯರು ಸುಮ್ಮನೆ ಕುಳಿತಿದ್ದಾರೆಂಬ ಅರಿವು ಮೂಡುತ್ತದೆ. ಉತ್ತರ ಕರ್ನಾಟಕದ ಗೃಹಸ್ಥರಿಗೆ ಇದು ತಿಳಿಯದ ಸಂಗತಿಯಲ್ಲ. ಮದುವೆಯ ಮನೆಯವರು ಕುಂಬಾರನ ಮನೆಗೆ ನಡೆದುಹೋಗಿ, ಐರಾಣಿಯ ಗಡಿಗೆಗಳಿಗೆ ಪೂಜೆ ಸಲ್ಲಿಸಿ, ವಾದ್ಯದೊಡನೆ ಹೊತ್ತು ತರುತ್ತಾರೆ. ಅಡುಗೆಮನೆಯಲ್ಲಿ ಅಂತಹುದೇ ಗಡಿಗೆ ಒಡೆದರೆ ಚೂರುಗಳನ್ನು ಹಿತ್ತಿಲಿಗೆ ಎಸೆಯುವ ಅದೇ ಕೈಗಳು ಆ ದಿನ ಬರಿಯ ಗಡಿಗೆಗಳ ಮುಂದೆ ಜೋಡಿಸಲ್ಪಡುತ್ತವೆ. ಮಣ್ಣು ಬೇರೆಯಲ್ಲ, ಭಾವ ಬಂದು ನೆಲೆಸಿದ್ದು ಬೇರೆ.

ಶರಣರ ನಡುವೆ ಈ ರಹಸ್ಯವನ್ನು ಬಲ್ಲವನು ಕುಂಬಾರ ಗುಂಡಯ್ಯ. ಬೀದರ ಸೀಮೆಯ ಭಾಲ್ಕಿ ಅವನ ಊರೆಂದು ಪ್ರತೀತಿ; ಕೇತಲದೇವಿ ಅವನ ಮಡದಿ. ಹರಿಹರ ಮಹಾಕವಿಯು ಅವನ ಮೇಲೆ ಒಂದು ರಗಳೆಯನ್ನೇ ರಚಿಸಿದ್ದಾನೆ. ಗಡಿಗೆಯನ್ನು ಬಾರಿಸುತ್ತ ಗುಂಡಯ್ಯನು ಮೈಮರೆತನೆಂದೂ, ಆ ನಾದಕ್ಕೆ ಶಿವನು ಕೈಲಾಸದಿಂದ ಇಳಿದು ಬಂದು ಕುಣಿದನೆಂದೂ ಅಲ್ಲಿಯ ಕಥೆ. ಪವಾಡವೆಂದು ತಲೆದೂಗಿ ಮುಂದೆ ಹೋಗುವವರು ಒಂದು ಸೂಕ್ಷ್ಮವನ್ನು ಮರೆಯುತ್ತಾರೆ. ಶಿವನನ್ನು ಕರೆತರುವುದಕ್ಕೆ ಗುಂಡಯ್ಯನು ಗಡಿಗೆಯ ಮೇಲೆ ಶಿವನ ಚಿತ್ರವನ್ನು ಬರೆಯಲಿಲ್ಲ. ಮಣ್ಣಿನಲ್ಲಿ ಜಟೆ, ಚಂದ್ರ, ತ್ರಿಶೂಲಗಳನ್ನು ಮೆತ್ತಲಿಲ್ಲ. ಗಡಿಗೆ ಗಡಿಗೆಯಾಗಿಯೇ ಇತ್ತು. ನಾದ ಹುಟ್ಟಿದ್ದು ಅದರೊಳಗಿನ ಬರಿದಿನಿಂದ. ತುಂಬಿದ ಗಡಿಗೆಯನ್ನು ಬಡಿದರೆ ಮಂದವಾದ ಸದ್ದು ಬಂದೀತೇ ಹೊರತು ನಾದ ಬಾರದು.

ಗುಂಡಯ್ಯನು ಮಾಡಿದ ಗಡಿಗೆಗಳಲ್ಲಿ ಒಂದು ಚೂರೂ ಇಂದು ಉಳಿದಿಲ್ಲ. ಮಣ್ಣಿನ ಕಲಸದಲ್ಲಿ, ಕೈಯ ಒತ್ತಡದಲ್ಲಿ, ಬೆಂಕಿಯ ಕಾವಿನಲ್ಲಿ ನಿರಾಕಾರವಾದ ಭಾವವು ಹೇಗೆ ಇಳಿಯುತ್ತದೆಂಬುದನ್ನು ಕಣ್ಣಾರೆ ಕಂಡು ವಿಚಾರಿಸಬೇಕಾದರೆ, ಉಳಿದು ಬಂದಿರುವ ಪಾತ್ರೆಗಳನ್ನೇ ನೋಡಬೇಕು. ಅಂತಹ ಪಾತ್ರೆಗಳು ಜಪಾನ್ ದೇಶದಲ್ಲಿವೆ. ಆ ನಾಡಿಗೂ ಶರಣರಿಗೂ ಯಾವ ಸಂಪರ್ಕವೂ ಇರಲಿಲ್ಲ. ಆದರೆ ಭಾರತದ ಧ್ಯಾನವೆಂಬ ಶಬ್ದವೇ ಬೌದ್ಧರ ಮೂಲಕ ಚೀನಾಕ್ಕೆ ಹೋಗಿ ಚಾನ್ ಎನಿಸಿ, ಅಲ್ಲಿಂದ ಜಪಾನಿಗೆ ದಾಟಿ ಜೆನ್ ಎನಿಸಿತು. ಆ ಜೆನ್ ಪಂಥದ ನೆರಳಿನಲ್ಲಿ, ಸುಮಾರು ನಾಲ್ಕು ನೂರ ನಲವತ್ತು ವರ್ಷಗಳ ಹಿಂದೆ, ಕ್ಯೋಟೋ ನಗರದ ಒಬ್ಬ ಮಣ್ಣಿನ ಕೆಲಸಗಾರನು ಈ ಪ್ರಶ್ನೆಗೆ ತನ್ನ ಎರಡು ಅಂಗೈಗಳಿಂದ ಉತ್ತರ ಕೊಟ್ಟನು. ಅವನ ಹೆಸರು ಚೋಜಿರೊ.

ಚೋಜಿರೊ ಮೊದಲಿಗೆ ಮನೆಗಳ ಛಾವಣಿಗೆ ಬೇಕಾಗುವ ಅಲಂಕಾರದ ಹೆಂಚುಗಳನ್ನು ಮಾಡುತ್ತಿದ್ದವನು. 1574ರ ವಸಂತದಲ್ಲಿ ಅವನು ಮಾಡಿದ ಒಂದು ಸಿಂಹದ ಪ್ರತಿಮೆ ಇಂದಿಗೂ ಉಳಿದಿದೆ. ಬಾಯಿ ತೆರೆದು, ಬಾಲವೆತ್ತಿ, ಗರ್ಜಿಸುವಂತಿರುವ ಆ ಸಿಂಹವನ್ನು ಕಂಡವರು ಇವನಿಗೆ ಉಗ್ರತೆಯನ್ನು ಮಣ್ಣಿನಲ್ಲಿ ತೋರಿಸುವುದು ಗೊತ್ತಿತ್ತೆಂದು ಒಪ್ಪಲೇಬೇಕು. ಅಂಥವನಿಗೆ ಸೆನ್ ನೊ ರಿಕ್ಯು ಎಂಬ ಚಹಾಗುರುವಿನ ಸಂಗವಾಯಿತು.

ಚಹಾಗುರು ಎಂದೊಡನೆ ಈಗಿನ ಓದುಗರಿಗೆ ನಗೆ ಬಂದರೂ ಬಂದೀತು. ಚಹಾ ಕುಡಿಯುವುದಕ್ಕೂ ಗುರು ಬೇಕೇ? ಆದರೆ ಆ ಕಾಲದ ಜಪಾನಿನಲ್ಲಿ ಚಹಾ ಎಂದರೆ ಬಾಯಾರಿಕೆಯ ಮಾತಲ್ಲ. ಹಸಿರು ಚಹಾದ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಒಬ್ಬನು ಕೊಡುವುದು, ಉಳಿದವರು ಎರಡು ಕೈಗಳಿಂದ ಸ್ವೀಕರಿಸುವುದು. ಕೊಡುವುದಕ್ಕೂ ಕೊಳ್ಳುವುದಕ್ಕೂ ಒಂದು ಕ್ರಮ, ಒಂದು ಮೌನ. ಪ್ರಸಾದವನ್ನು ಕೈಯೊಡ್ಡಿ ಕೊಳ್ಳುವ ಭಕ್ತರಿಗೆ ಈ ನಡೆ ತೀರ ಅಪರಿಚಿತವೆನಿಸದು. ಸಕಾಯ್ ಪಟ್ಟಣದ ವರ್ತಕರ ಮನೆಯಲ್ಲಿ 1522ರಲ್ಲಿ ಹುಟ್ಟಿದ ರಿಕ್ಯು, ತಾಕೆನೊ ಜೋಓ ಎಂಬವನಲ್ಲಿ ಕಲಿತು, ದೈತೋಕುಜಿ ಎಂಬ ಜೆನ್ ಮಠದಲ್ಲಿ ಸಾಧನೆ ಮಾಡಿ, ಈ ಕ್ರಮಕ್ಕೆ ಒಂದು ಹೊಸ ಭಾವವನ್ನು ತುಂಬಿದನು. ಆ ಭಾವಕ್ಕೆ ಅವರ ನುಡಿಯಲ್ಲಿ ವಾಬಿ ಎಂದು ಹೆಸರು. ಬಡತನದ ದೈನ್ಯ ಎಂಬುದು ಆ ಮಾತಿನ ಹಳೆಯ ಅರ್ಥ. ರಿಕ್ಯು ಮತ್ತು ಅವನ ಹಿರಿಯರ ಕೈಯಲ್ಲಿ ಅದು ದೈನ್ಯವನ್ನು ಕಳೆದುಕೊಂಡು, ಇಲ್ಲದಿರುವುದರಲ್ಲಿ ತುಂಬಿರುವುದನ್ನು ಕಾಣುವ ನೆಮ್ಮದಿಯಾಯಿತು.

ಅಲ್ಲಿಯವರೆಗೆ ಸಿರಿವಂತರು ಚಹಾಕ್ಕೆ ಚೀನಾದಿಂದ ಬಂದ ನುಣುಪಾದ, ಹೊಳೆಯುವ ಬಟ್ಟಲುಗಳನ್ನು ಬಯಸುತ್ತಿದ್ದರು. ರಿಕ್ಯುವಿನ ಮನಸ್ಸಿಗೆ ಅವು ಸಾಲದೆ ಬಂದವು. ಅವು ಚೆಲುವಾಗಿದ್ದವು, ಆದರೆ ಹಿಡಿದವನ ಮನಸ್ಸು ಬಟ್ಟಲಿನ ಚೆಲುವಿಗೇ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತಿತ್ತು. ಅವನಿಗೆ ಬೇಕಾದುದು ಕಣ್ಣನ್ನು ಹಿಡಿದು ನಿಲ್ಲಿಸದ ಬಟ್ಟಲು. ಅದನ್ನು ಅವನು ಹೆಸರಾಂತ ಕುಶಲಿಗಳಿಂದ ಮಾಡಿಸದೆ, ಹೆಂಚಿನ ಕೆಲಸದ ಚೋಜಿರೊನಿಂದ ಮಾಡಿಸಿದನು. 1586ರ ಒಂದು ಚಹಾಕೂಟದ ದಾಖಲೆಯಲ್ಲಿ ರಿಕ್ಯುವಿನ ಮಾದರಿಯ ಬಟ್ಟಲೆಂಬ ಉಲ್ಲೇಖವಿದೆ. ಚೋಜಿರೊನ ಬಟ್ಟಲುಗಳೇ ಅಲ್ಲಿ ಉದ್ದಿಷ್ಟವೆಂದು ವಿದ್ವಾಂಸರು ತಿಳಿಯುತ್ತಾರೆ. ಮೊದಲು ಅದನ್ನು ಜನ ಇಮಾಯಾಕಿ, ಎಂದರೆ ಈಗಿನ ಕಾಲದ ಮಡಕೆ, ಎಂದು ಕರೆದರು. ಬಳಿಕ ರಾಕು ಎಂಬ ಹೆಸರು ನಿಂತಿತು.

ಚೋಜಿರೊ ಮಾಡಿದ ಮೊದಲ ಕೆಲಸ ತಿಗರಿಯನ್ನು ಬಿಟ್ಟದ್ದು. ತಿಗರಿ ಕುಂಬಾರನ ಪ್ರಾಣ. ಅದು ಮಣ್ಣಿಗೆ ವೇಗವನ್ನೂ ಸಮತೆಯನ್ನೂ ಕೊಡುತ್ತದೆ, ಸಾವಿರ ಪಾತ್ರೆಗಳನ್ನು ಒಂದೇ ಅಚ್ಚಿನಲ್ಲಿ ಎತ್ತಿದಂತೆ ಎತ್ತಬಹುದು. ಅದನ್ನು ದೂರವಿಟ್ಟು ಅವನು ಮಣ್ಣನ್ನು ದಪ್ಪ ರೊಟ್ಟಿಯಂತೆ ತಟ್ಟಿ, ಅಂಚುಗಳನ್ನು ಎರಡು ಅಂಗೈಗಳ ನಡುವೆ ಮೆಲ್ಲನೆ ಮೇಲಕ್ಕೊತ್ತಿ ಬಟ್ಟಲಾಗಿಸಿದನು. ಅಂಗೈಗಳನ್ನು ಬೊಗಸೆಯಾಗಿಸಿದರೆ ನಡುವೆ ಉಳಿಯುವ ಬರಿದು ಯಾವುದೋ, ಅದೇ ಬಟ್ಟಲಿನ ಒಳಗಾಯಿತು. ಸ್ವಲ್ಪ ಆರಿದ ಮೇಲೆ ಒಳಗೂ ಹೊರಗೂ ಕೊರೆಯುವ ಉಪಕರಣದಿಂದ ಹೆರೆದು ಹೆರೆದು ಹಗುರ ಮಾಡಿದನು. ಹೆರೆಯುವುದೆಂದರೆ ಕಳೆಯುವುದು. ಅಂಚು ಒಂದೆಡೆ ತುಸು ಏರಿ ಇನ್ನೊಂದೆಡೆ ತುಸು ಇಳಿದಿದೆ. ಗೋಡೆ ಒಂದೆಡೆ ದಪ್ಪ, ಒಂದೆಡೆ ತೆಳು. ತುಟಿಗೆ ತಾಗಿದಾಗ ಒರಟು ಅನಿಸದು. ಆದರೆ ಯಂತ್ರ ಮುಟ್ಟಿಲ್ಲವೆಂಬುದು ತುಟಿಗೇ ತಿಳಿಯುತ್ತದೆ.

ಆಮೇಲೆ ಬೆಂಕಿ. ಕನ್ನಡ ನಾಡಿನ ಕುಂಬಾರರು ನೂರಾರು ಗಡಿಗೆಗಳನ್ನು ಆವಿಗೆಯಲ್ಲಿ ಒಟ್ಟಿಗೆ ಅಡಕಿ ಸುಡುತ್ತಾರೆ. ರಾಕುವಿನ ಕರಿಯ ಬಟ್ಟಲನ್ನಾದರೋ ಒಂದೊಂದಾಗಿ ಸುಡಬೇಕು. ಕ್ಯೋಟೋವಿನ ಕಮೋ ನದಿಯ ಕಲ್ಲನ್ನು ಅರೆದು ಮಾಡಿದ ಲೇಪವನ್ನು ಬಳಿದು, ಸಣ್ಣ ಒಲೆಯೊಳಗಿಟ್ಟು, ಸುತ್ತ ಇದ್ದಿಲು ತುಂಬಿ, ತಿದಿಯೊತ್ತಿ 1000 ಡಿಗ್ರಿಗೂ ಮಿಗಿಲಾದ ಕಾವನ್ನು ಏರಿಸುತ್ತಾರೆ. ಲೇಪ ಕರಗಿ ಬಟ್ಟಲು ಕೆಂಡದಂತೆ ಬೆಳಗುವಾಗ, ಕಬ್ಬಿಣದ ಇಕ್ಕಳದಿಂದ ಹಿಡಿದು ಒಮ್ಮೆಗೇ ಹೊರಗೆ ತೆಗೆಯುತ್ತಾರೆ. ಹೊರಗಿನ ತಂಪು ತಾಗಿದ ಕ್ಷಣದಲ್ಲಿ ಕೆಂಪು ಇಳಿದು ಕಪ್ಪು ನಿಲ್ಲುತ್ತದೆ. ನಿಧಾನವಾಗಿ ಆರಿಸಿದರೆ ಆ ಕಪ್ಪು ಬಾರದು. ಬಟ್ಟಲು ಬಿರಿಯಲೂಬಹುದು, ಬಿರಿದರೆ ವಾರಗಳ ದುಡಿಮೆ ಮಣ್ಣುಪಾಲು. ಇಕ್ಕಳ ಕಚ್ಚಿದ ಗುರುತು ಬಟ್ಟಲಿನ ಮೈಮೇಲೆ ಉಳಿಯುತ್ತದೆ. ಅದನ್ನು ಉಜ್ಜಿ ಅಳಿಸುವುದಿಲ್ಲ, ಮರೆಮಾಡುವುದೂ ಇಲ್ಲ. ತಾನು ಬೆಂಕಿಯಿಂದ ಯಾರ ಕೈಯಲ್ಲಿ ಹೊರಬಂದೆನೆಂಬುದನ್ನು ಬಟ್ಟಲು ಹೊತ್ತುಕೊಂಡೇ ಇರುತ್ತದೆ.

ಹೀಗೆ ಹುಟ್ಟಿದ ವಸ್ತು ನೋಡಲು ಏನೂ ಅಲ್ಲ. ಚಿತ್ರವಿಲ್ಲ, ರೇಖೆಯಿಲ್ಲ, ಹೊಳಪಿಲ್ಲ, ಕರಿಯದೊಂದು ಮುದ್ದೆ. ಚೀನಾದ ಪಿಂಗಾಣಿಯನ್ನು ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಉಲಿಯುತ್ತದೆ, ಇದನ್ನು ತಟ್ಟಿದರೆ ಮೆತ್ತಗೆ ಒಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಮಣ್ಣು ಸರಂಧ್ರವಾದುದರಿಂದ ಒಳಗಿನ ಬಿಸಿ ಕೈಯನ್ನು ಸುಡದೆ ಮೆಲ್ಲಮೆಲ್ಲನೆ ಅಂಗೈಗೆ ಇಳಿಯುತ್ತದೆ. ಕತ್ತಲೆಯ ಕೋಣೆಯಲ್ಲಿ ಈ ಕಪ್ಪು ಬಟ್ಟಲನ್ನು ಹಿಡಿದವನಿಗೆ ಅಂಚು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಮೊದಲಾಯಿತೆಂದು ಕಣ್ಣಿಗೆ ತಿಳಿಯದು. ಕಾಣುವುದು ಒಳಗಿನ ಚಹಾದ ಹಸಿರು ಮಾತ್ರ, ತಿಳಿಯುವುದು ಕೈಯ ಬಿಸುಪು ಮಾತ್ರ. ಸಿಂಹವನ್ನು ಗರ್ಜಿಸುವಂತೆ ಮಾಡಬಲ್ಲವನು ಇಲ್ಲಿ ತನ್ನ ಕೌಶಲವನ್ನೆಲ್ಲ ಮೌನ ಮಾಡಿಸಿದನು. ಕೌಶಲವಿಲ್ಲದವನ ಮೌನಕ್ಕೂ ಇದಕ್ಕೂ ಬಹಳ ಅಂತರವುಂಟು.

ಲಿಂಗವಂತ ಗೃಹಸ್ಥನಿಗೆ ಈ ವರ್ಣನೆಯನ್ನು ಓದುವಾಗ ತನ್ನ ಕರಸ್ಥಲವು ನೆನಪಾಗದೆ ಇರದು. ಅಲ್ಲಿಯೂ ಕಪ್ಪು ಲೇಪ, ಅಲ್ಲಿಯೂ ಅಂಗೈಯಳತೆ, ಅಲ್ಲಿಯೂ ಮುಖ ಮೂಗುಗಳಿಲ್ಲದ ನಿರಾಭರಣ ರೂಪ. ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಇಷ್ಟಲಿಂಗವು ಗುರುವಿನ ಹಸ್ತಮಸ್ತಕ ಸಂಯೋಗದಿಂದ ಕರಕ್ಕೆ ಬಂದ ಚಿತ್ಕಳೆ, ಬಟ್ಟಲು ಬಟ್ಟಲೇ. ಪೂಜೆಗೂ ಪಾನಕ್ಕೂ ಭೇದವಿಲ್ಲವೆಂದು ಯಾರೂ ಹೇಳಲಾರರು. ಆದರೆ ದೃಷ್ಟಿಯ ಮಟ್ಟಿಗೆ ಒಂದು ಮಾತು ಸಾಮಾನ್ಯವಾಗಿದೆ. ರೂಪವುಳ್ಳ ಮೂರ್ತಿಯನ್ನು ನೋಡುವ ಕಣ್ಣು ಕಿರೀಟದಿಂದ ಕೊರಳಿಗೆ, ಕೊರಳಿನಿಂದ ಪಾದಕ್ಕೆ ಓಡಾಡುತ್ತದೆ. ಓಡಾಡುವುದಕ್ಕೆ ಎಡೆಯೇ ಇಲ್ಲದ ಕರಿಯ ವಸ್ತುವಿನಲ್ಲಿ ನೆಟ್ಟ ಕಣ್ಣು ಸ್ವಲ್ಪ ಹೊತ್ತು ಚಡಪಡಿಸಿ, ಹೊರಗೆ ದಾರಿ ಕಾಣದೆ, ಒಳಕ್ಕೆ ತಿರುಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದುಂಟು. ಭಾವವೆಲ್ಲ ನೋಡುವವನ ಮನಸ್ಸಿನಲ್ಲಿದೆ, ಮಣ್ಣಿನಲ್ಲೇನಿದೆ? ಭಕ್ತಿಯುಳ್ಳವನಿಗೆ ಕಲ್ಲೂ ದೇವರು, ಇಲ್ಲದವನಿಗೆ ದೇವರೂ ಕಲ್ಲು. ಹಾಗೆಯೇ ಬಟ್ಟಲಿನ ಮಹಿಮೆಯೂ ಕಲ್ಪಿತವಲ್ಲವೆ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಹಿಡಿಯುವವನ ಕಡೆಯಿಂದ ಬರಬೇಕಾದ ಅರ್ಧವು ಬಾರದೆ ಹೋದರೆ ಚೋಜಿರೊನ ಬಟ್ಟಲೂ ಒಂದು ಮಡಕೆಯ ಚೂರಿಗಿಂತ ಹೆಚ್ಚಲ್ಲ. ಆದರೆ ಪೂರ್ತಿ ಕಲ್ಪಿತವೇ ಆಗಿದ್ದರೆ ತಗಡಿನ ಡಬ್ಬಿಯೂ ಸಾಕಾಗಬೇಕಿತ್ತು. ಸಾಕಾಗುವುದಿಲ್ಲವೆಂಬುದು ಎಲ್ಲರ ಅನುಭವ. ಕಾರಣವು ಮಣ್ಣಿನ ಸ್ವಭಾವದಲ್ಲಿಯೇ ಇದೆ. ಕಲ್ಲನ್ನು ಮುಟ್ಟಿದರೆ ಕಲ್ಲು ಮರೆಯುತ್ತದೆ. ಮರವನ್ನು ಸವರಿದರೆ ಮರ ಮರೆಯುತ್ತದೆ. ಹಸಿಮಣ್ಣು ಮರೆಯುವುದಿಲ್ಲ. ಬೆರಳು ಎಷ್ಟು ಒತ್ತಿತು, ಎಲ್ಲಿ ಅನುಮಾನಿಸಿತು, ಎಲ್ಲಿ ಅವಸರಪಟ್ಟಿತು, ಎಲ್ಲಿ ನೆಮ್ಮದಿಯಿಂದ ನಿಂತಿತು ಎಂಬುದೆಲ್ಲ ಅದರಲ್ಲಿ ಬರೆದುಕೊಳ್ಳುತ್ತದೆ. ಬೆಂಕಿ ಬಂದು ಆ ಬರಹಕ್ಕೆ ಮುದ್ರೆಯೊತ್ತುತ್ತದೆ. ಚೋಜಿರೊ 1589ರಲ್ಲಿ ತೀರಿಕೊಂಡನು. ಅವನ ಬಟ್ಟಲನ್ನು ಇಂದು ಹಿಡಿದವನ ಬೆರಳು ತಾನರಿಯದೆ ಅವನ ಬೆರಳು ಕೂತಿದ್ದ ತಗ್ಗಿನಲ್ಲಿಯೇ ಕೂಡುತ್ತದೆ. ಸಾನ್ನಿಧ್ಯವೆಂಬ ಮಾತಿಗೆ ಇದಕ್ಕಿಂತ ನೇರವಾದ ಅರ್ಥವನ್ನು ಹುಡುಕಬೇಕಾಗಿಲ್ಲ.

ಅವನ ಬಟ್ಟಲುಗಳಿಗೆ ಚಹಾಪ್ರಿಯರು ಹೆಸರುಗಳನ್ನಿಟ್ಟಿದ್ದಾರೆ. ಒಂದಕ್ಕೆ ಓಗುರೊ, ಎಂದರೆ ದೊಡ್ಡ ಕರಿಯ. ಮನೆಯ ಎತ್ತಿಗೆ ಇಡುವಂತಹ ಹೆಸರು. ಕೆಂಪು ಮಣ್ಣಿನ ಇನ್ನೊಂದಕ್ಕೆ ಮುಇಚಿಬುತ್ಸು. ಒಂದು ವಸ್ತುವೂ ಇಲ್ಲ ಎಂದು ಅದರ ಅರ್ಥ. ಮಾತು ಜೆನ್ ಪಂಥದ್ದು. ವಸ್ತುವೊಂದಕ್ಕೆ ವಸ್ತುವಿಲ್ಲವೆಂಬ ಹೆಸರು! ಬಯಲು ಎಂಬ ಮಾತನ್ನು ಬಾಲ್ಯದಿಂದ ಕೇಳುತ್ತ ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಬಯಲನ್ನು ಹಿಡಿದ ಬಟ್ಟಲು ಬಯಲಿನಲ್ಲಿ ಉಳಿಯಲಿಲ್ಲ, ಅರಮನೆಗೆ ಹೋಯಿತು. ಆಗ ಜಪಾನನ್ನು ಆಳುತ್ತಿದ್ದವನು ಟೊಯೊಟೊಮಿ ಹಿಡೆಯೋಶಿ. ಬಡ ಕಾಲಾಳಿನ ಮಗನಾಗಿ ಹುಟ್ಟಿ, ತೋಳ್ಬಲ ಬುದ್ಧಿಬಲಗಳಿಂದ ದೇಶವನ್ನೆಲ್ಲ ಒಂದು ಮಾಡಿದವನು. ಬಡತನವನ್ನು ಕಂಡುಂಡವನಿಗೆ ಬಡತನದ ಚೆಲುವು ರುಚಿಸಲಿಲ್ಲವಾದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ರಿಕ್ಯು ಅವನಿಗೆ ಚಹಾಗುರುವಾಗಿದ್ದನು. ಚೋಜಿರೊನ ಬಟ್ಟಲು ದಾಖಲೆಗೆ ಬಂದ 1586ರಲ್ಲಿಯೇ ಹಿಡೆಯೋಶಿಯು ಗೋಡೆ, ಮಾಡು, ಕಂಬಗಳಿಗೆಲ್ಲ ಚಿನ್ನದ ತಗಡು ಹೊದಿಸಿದ, ಬಿಚ್ಚಿ ಒಯ್ಯಬಹುದಾದ ಚಹಾಮನೆಯನ್ನು ಚಕ್ರವರ್ತಿಯ ಅರಮನೆಯಲ್ಲಿ ಹೂಡಿಸಿ ಚಹಾ ಅರ್ಪಿಸಿದನು. ಅತ್ತ ಯಾಮಾಜಾಕಿ ಎಂಬ ಊರಿನಲ್ಲಿ ರಿಕ್ಯು ಕಟ್ಟಿಸಿದನೆನ್ನುವ ತೈಆನ್ ಎಂಬ ಚಹಾಮನೆ ಇಂದಿಗೂ ನಿಂತಿದೆ. ಎರಡೇ ಚಾಪೆಯಗಲದ ಕೋಣೆ, ಮಣ್ಣಿನ ಗೋಡೆ. ಒಳಗೆ ಹೋಗಬೇಕಾದರೆ ದೊರೆಯಾದರೂ ತಲೆ ಬಾಗಿ, ಮೊಣಕಾಲೂರಿ, ನುಸಿದು ಹೋಗಬೇಕಾದ ಕಿರಿಬಾಗಿಲು. ಅಂತಹ ಮನೆಗೆ ಹೋಗುವವರು ಕತ್ತಿಯನ್ನು ಹೊರಗೇ ಬಿಡುವುದು ವಾಡಿಕೆ. ಹಿಡೆಯೋಶಿಯನ್ನು ಬರಿಯ ಆಡಂಬರದವನೆಂದು ತಳ್ಳಿಹಾಕುವುದೂ ನ್ಯಾಯವಲ್ಲ. 1587ರಲ್ಲಿ ಅವನು ಕಿತಾನೊ ಎಂಬಲ್ಲಿ ನಡೆಸಿದ ಮಹಾ ಚಹಾಕೂಟಕ್ಕೆ ಒಂದು ಬಟ್ಟಲಿದ್ದವರೆಲ್ಲ, ರೈತರು ಸಹ, ಬರಬಹುದೆಂದು ಸಾರಿಸಿದ್ದನು. ಆದರೂ ಕಪ್ಪು ಬಟ್ಟಲು ಅವನಿಗೆ ಹಿಡಿಸುತ್ತಿರಲಿಲ್ಲವೆಂದು ಆ ಕಾಲದ ವರ್ತಕನೊಬ್ಬನ ದಿನಚರಿಯಿಂದ ತಿಳಿಯುತ್ತದೆ.

1591ರಲ್ಲಿ ಹಿಡೆಯೋಶಿಯು ತನ್ನ ಚಹಾಗುರುವಿಗೆ ಆತ್ಮಹತ್ಯೆಯ ಆಜ್ಞೆ ಕೊಟ್ಟನು. ಆಗ ರಿಕ್ಯುವಿಗೆ ಅವರ ಎಣಿಕೆಯಂತೆ 70 ವರ್ಷ. ಕಾರಣಗಳನ್ನು ಹಲವರು ಹಲವು ಬಗೆಯಲ್ಲಿ ಹೇಳುತ್ತಾರೆ. ದೈತೋಕುಜಿಯ ಮಹಾದ್ವಾರದ ಮೇಲಂತಸ್ತಿಗೆ ರಿಕ್ಯು ಹಣವಿತ್ತಿದ್ದನು. ಅಲ್ಲಿ ಅವನ ಮರದ ಪ್ರತಿಮೆಯನ್ನು ನಿಲ್ಲಿಸಿದ್ದರು. ದೊರೆಯು ಅದರ ಕಾಲಡಿಯಲ್ಲಿ ಹಾದುಹೋಗಬೇಕಾಯಿತೆಂಬುದು ಒಂದು. ಚಹಾದ ಪಾತ್ರೆಗಳನ್ನು ಮಿತಿಮೀರಿದ ಬೆಲೆಗೆ ಮಾರಿದನೆಂಬುದು ಇನ್ನೊಂದು. ಆಪಾದನೆ ನಿಜವೋ ಸುಳ್ಳೋ, ಎರಡನೆಯ ಮಾತಿನಲ್ಲಿ ಭಕ್ತರು ಗಮನಿಸಬೇಕಾದ ಸಂಗತಿಯಿದೆ. ಬೆಲೆಯಿಲ್ಲದ ಮಣ್ಣಿನಲ್ಲಿ ಅಮೂಲ್ಯವಾದುದನ್ನು ಕಾಣುವ ಕಣ್ಣು ಒಬ್ಬನಿಗಿತ್ತು. ಅವನು ಒಪ್ಪಿದ ಬಟ್ಟಲಿಗೆ ಮರುದಿನವೇ ಬೆಲೆ ಬಂದಿತು. ಬೆಲೆ ಬಂದ ಮೇಲೆ ಜನ ಕೈಯಿಂದ ಹಿಡಿಯುವುದನ್ನು ಬಿಟ್ಟು ತಕ್ಕಡಿಯಿಂದ ಹಿಡಿದರು. ಕಿರಿಬಾಗಿಲಿನ ಹೊರಗೆ ಬಿಟ್ಟಿದ್ದ ಕತ್ತಿ ಕೊನೆಗೆ ಒಳಗೇ ಬಂದಿತು.

ಇದಕ್ಕಿಂತ ಘೋರವಾದುದು ಮರುವರ್ಷವೇ ನಡೆಯಿತು. ಚಹಾಗುರುಗಳು ಮೆಚ್ಚಿದ ಬಟ್ಟಲುಗಳಲ್ಲಿ ಕೊರಿಯಾ ದೇಶದಿಂದ ಬಂದ ಇದೊ ಎಂಬ ಜಾತಿಯವು ಮುಖ್ಯವಾದವು. ಹೆಸರಿಲ್ಲದ ಕೊರಿಯಾದ ಕುಂಬಾರರು ದಿನಬಳಕೆಗೆಂದು ಬೇಗಬೇಗನೆ ತಿಗರಿಯ ಮೇಲೆ ಎತ್ತಿ ಸುಟ್ಟವು ಅವೆಂದು ಬಹುಜನರ ಮತ. 1592ರಲ್ಲಿ ಹಿಡೆಯೋಶಿಯ ಸೇನೆ ಕೊರಿಯಾದ ಮೇಲೆ ದಂಡೆತ್ತಿ ಹೋಯಿತು. 1598ರಲ್ಲಿ ಅವನು ಸತ್ತು ಸೇನೆ ಹಿಂದಿರುಗುವವರೆಗೆ ಆ ದೇಶ ಬೆಂದುಹೋಯಿತು. ಹಿಂದಿರುಗುವ ಸರದಾರರು ಅನೇಕ ಕುಂಬಾರರನ್ನು ಮನೆಮಂದಿಯೊಡನೆ ಹಡಗಿಗೇರಿಸಿ ಸೆರೆ ತಂದರು. ಅರಿತಾ, ಹಾಗಿ, ಸತ್ಸುಮಾ ಎಂದು ಇಂದು ಲೋಕವೆಲ್ಲ ಕೊಂಡಾಡುವ ಜಪಾನಿನ ಮಣ್ಣಿನ ಕಲೆಯ ಊರುಗಳ ಹುಟ್ಟಿನಲ್ಲಿ ಈ ಸೆರೆಯವರ ಕೈಯಿದೆ. ಜಪಾನೀಯರೇ ಆ ಯುದ್ಧವನ್ನು ಮಡಕೆಯ ಯುದ್ಧವೆಂದು ಕರೆಯುವುದುಂಟು. ಬಟ್ಟಲನ್ನು ರೇಷ್ಮೆಯ ಚೀಲದಲ್ಲಿಟ್ಟರು, ಬಟ್ಟಲು ಮಾಡಿದವನನ್ನು ಹಗ್ಗದಲ್ಲಿ ಬಿಗಿದರು. ಪಾತ್ರೆಯಲ್ಲಿ ಸಾನ್ನಿಧ್ಯವನ್ನು ಕಂಡೆನೆನ್ನುವವನು ಅದನ್ನು ಮಾಡಿದ ಮನುಷ್ಯನಲ್ಲಿ ಕಾಣದೆ ಹೋದರೆ ಅವನು ಕಂಡದ್ದು ಸಾನ್ನಿಧ್ಯವಲ್ಲ, ಸರಕು.

ಆ ಕೊರಿಯಾದ ಬಟ್ಟಲುಗಳಲ್ಲಿ ಒಂದಕ್ಕೆ ಕಿಜಾಯೆಮೊನ್ ಎಂದು ಹೆಸರು. ಅದನ್ನು ಇಟ್ಟುಕೊಂಡಿದ್ದ ಒಸಾಕಾದ ವರ್ತಕನ ಹೆಸರೇ ಅದಕ್ಕೆ ಅಂಟಿತು. ಅವನು ಎಲ್ಲವನ್ನೂ ಕಳೆದುಕೊಂಡು ತಿರುಕನಾದರೂ ಬಟ್ಟಲನ್ನು ಮಾರಲಿಲ್ಲವೆಂದೂ, ಮೈಯೆಲ್ಲ ಕುರುವೆದ್ದು ಸತ್ತನೆಂದೂ, ಬಳಿಕ ಅದನ್ನು ಕೊಂಡ ಮತ್ಸುದೈರಾ ಫುಮೈ ಎಂಬ ಮಾಂಡಲಿಕನಿಗೂ ಕುರು ಕಾಡಿತೆಂದೂ ಐತಿಹ್ಯ. ಆ ಮಾಂಡಲಿಕನ ತರುವಾಯ ಮನೆಯವರು ಹೆದರಿ ಅದನ್ನು ದೈತೋಕುಜಿಯ ಆವರಣದ ಕೋಹೋ-ಆನ್ ಎಂಬ ಕಿರುಮಠಕ್ಕೆ ಒಪ್ಪಿಸಿದರು. ಇಂದಿಗೂ ಅಲ್ಲಿಯೇ ಇದೆ; 1951ರಲ್ಲಿ ರಾಷ್ಟ್ರದ ನಿಧಿಯೆಂದು ಘೋಷಿತವಾಯಿತು. 1931ರಲ್ಲಿ ಅದನ್ನು ನೋಡಲು ಹೋದವನು ಯಾನಾಗಿ ಸೋಯೆತ್ಸು ಎಂಬ ವಿದ್ವಾಂಸ. ಜನಸಾಮಾನ್ಯರ ಕೈಗೆಲಸದ ಹಿರಿಮೆಯನ್ನು ಎತ್ತಿಹಿಡಿದವನು. ಪೆಟ್ಟಿಗೆಯೊಳಗಿನ ಪೆಟ್ಟಿಗೆಯನ್ನು ಬಿಚ್ಚುತ್ತ ಹೋಗಿ ಕಡೆಗೆ ಹೊರಬಂದುದು ತೀರ ಸಾಧಾರಣವಾದ ಬಟ್ಟಲು. ಅದು ಸಾಧಾರಣವಾಗಿರುವುದರಲ್ಲಿಯೇ ಅದರ ಹಿರಿಮೆಯಿದೆಯೆಂದೂ, ಚೆಲುವನ್ನು ಮಾಡುತ್ತೇನೆಂಬ ಯೋಚನೆಯೇ ಇಲ್ಲದವನ ಕೈಯಿಂದ ಬಂದುದರಿಂದಲೇ ಅದು ಚೆಲುವಾಯಿತೆಂದೂ ಅವನು ವಾದಿಸಿದನು. ವಾದದಲ್ಲಿ ಹುರುಳಿದೆ; ಆದರೆ ಅರಿಯದೆ ಮಾಡಿದ ಕುಂಬಾರನನ್ನು ಹಾಡಿ ಹೊಗಳುವ ಭರದಲ್ಲಿ, ಅವನಿಗೂ ಅರಿವಿರಬಹುದೆಂಬುದನ್ನು ಮರೆಯುವ ಅಪಾಯವೂ ಇದೆ. ದಿನಕ್ಕೆ ನೂರು ಬಟ್ಟಲು ಎತ್ತುವವನ ಮನಸ್ಸಿನಲ್ಲಿ ಏನಿತ್ತೆಂದು ಬಲ್ಲವರು ಯಾರು? ಗುಂಡಯ್ಯನು ಗಡಿಗೆ ಬಡಿಯುತ್ತಿದ್ದಾಗ ಅಗಸೆಯಲ್ಲಿ ಹೋಗುವವರಿಗೆ ಕೇಳಿಸಿದ್ದು ಕುಂಬಾರನ ಸದ್ದು ಮಾತ್ರ.

ಪೆಟ್ಟಿಗೆಯ ಮಾತು ಬಂದುದರಿಂದ ಇಷ್ಟನ್ನು ಹೇಳದೆ ಇರಲಾಗದು. ಲಿಂಗಕ್ಕಿಂತ ಕರಡಿಗೆಯ ಬೆಳ್ಳಿಯ ತೂಕವನ್ನು ಮೊದಲು ವಿಚಾರಿಸುವ ಮನೆಗಳು ಈ ನಾಡಿನಲ್ಲಿಯೂ ಇಲ್ಲದಿಲ್ಲ. ಐರಾಣಿ ಗಡಿಗೆಗೆ ಕೈಮುಗಿದು, ಅದನ್ನು ಮಾಡಿಕೊಟ್ಟ ಕುಂಬಾರನಿಗೆ ಕೊಡುವ ಕಾಣಿಕೆಯಲ್ಲಿ ಚೌಕಾಸಿ ಮಾಡುವವರೂ ಉಂಟು.

ಚೋಜಿರೊನ ಮನೆತನವು ಕ್ಯೋಟೋದಲ್ಲಿ ಇನ್ನೂ ಕೆಲಸ ನಡೆಸಿಕೊಂಡು ಬಂದಿದೆ. 2019ರಲ್ಲಿ 16ನೆಯ ತಲೆಮಾರಿನವರು ಪಟ್ಟಕ್ಕೆ ಬಂದರು. ಈ ಮನೆಯಲ್ಲಿ ತಂದೆಯು ಮಗನಿಗೆ ಲೇಪದ ಪಾಕವನ್ನು ಬಾಯಿಬಿಟ್ಟು ಹೇಳಿಕೊಡುವ ಪದ್ಧತಿಯಿಲ್ಲ. ಮಗನು ನೋಡಬೇಕು, ಮಾಡಬೇಕು, ಕೆಡಿಸಬೇಕು, ತನ್ನ ಕಪ್ಪನ್ನು ತಾನೇ ಕಂಡುಕೊಳ್ಳಬೇಕು. ಆದರೆ ಒಂದನ್ನು ಹಿರಿಯರು ಬಿಟ್ಟು ಹೋಗುತ್ತಾರೆ. ಒಳ್ಳೆಯ ಮಣ್ಣು ಸಿಕ್ಕಾಗ ಅದನ್ನು ತಂದು ಹದಗೊಳಿಸಿ ಕೂಡಿಡುತ್ತಾರೆ, ತಮಗಾಗಿ ಅಲ್ಲ. ಮುತ್ತಜ್ಜನು ಇಟ್ಟ ಮಣ್ಣನ್ನು ಮರಿಮಗನು ಬಳಸುತ್ತಾನೆ, ಅವನು ಕೂಡಿಟ್ಟದ್ದು ಅವನು ಕಾಣದ ಮರಿಮಗನ ಪಾಲಿಗೆ. ಯಾವ ಬಟ್ಟಲಾಗುವುದೆಂಬುದು ಇಟ್ಟವನಿಗೂ ತಿಳಿಯದ ಆ ಮಣ್ಣು ಅಲ್ಲಿಯವರೆಗೆ ಕತ್ತಲೆಯಲ್ಲಿ ಸುಮ್ಮನೆ ಮಾಗುತ್ತಿರುತ್ತದೆ.